ತಾತನ ಗಡಿಯಾರ ನಿಂತೋಗ್ತಿದೆ, ಜೊತೆಗೊಂದು ಟ್ರೇ

ಪ್ರಶ್ನೆ: ನಮ್ ತಾತಂದು ಜರ್ಮನಿಯ ಯುಂಗ್‌ಹಾನ್ಸ್ ಗೋಡೆ ಗಡಿಯಾರ, ಕೀ ಕೊಟ್ರೆ ಎರಡ್ ನಿಮಿಷ ಓಡಿ ನಿಂತೋಗತ್ತೆ. ಜೊತೆಗೊಂದು ಟ್ರೇ, ಹಿಂದೆ ಇಪಿಎನ್ಎಸ್ ಅಂತ ಒತ್ತಿದಾರೆ, ಬೆಳ್ಳಿನೇ ಅಲ್ವಾ?

ಉತ್ತರ: ಸೊಟ್ಟಗೆ ನೇತಾಕಿರ್ತೀರ ನೋಡಿ. ಟಿಕ್ ಟಾಕ್ ಮಧ್ಯೆ ಗ್ಯಾಪ್ ಸಮ ಬರೋವರೆಗೂ ಪೆಟ್ಟಿಗೆ ಕೆಳಭಾಗನ ಚೂರ್ ಚೂರೇ ಆಚೀಚೆ ಸರಿಸ್ತಾ ಕಿವಿಗೊಟ್ಟು ಕೇಳಿ. ನಿಧಾನ ಓಡಿದ್ರೆ ಲೋಲಕದ ನಟ್ ತಿರುಗಿಸಿ ಗುಂಡು ಮೇಲಕ್ಕೆತ್ತಿ. ಕೊಬ್ಬರಿ ಎಣ್ಣೆ ಮಾತ್ರ ಬಿಡ್ಬೇಡಿ ಮಾರಾಯ್ರೆ, ನಾನ್ ಬಿಟ್ಟು ಒಳಗೆಲ್ಲ ಅಂಟಂಟಾಗಿ ಪೂರ್ತಿ ಬಿಚ್ಚಿಸ್ಬೇಕಾಯ್ತು.

ಇನ್ನೊಬ್ರು: ಟ್ರೇ ಬೆಳ್ಳಿ ಅಲ್ಲ, ಇಪಿಎನ್ಎಸ್ ಅಂದ್ರೆ ತಾಮ್ರ, ನಿಕ್ಕಲ್, ಸತು ಸೇರಿಸಿದ ಲೋಹಕ್ಕೆ ಬೆಳ್ಳಿ ಲೇಪ ಅಷ್ಟೇ. ಇಂಗ್ಲೆಂಡಿನ ಅಸಲಿ ಸ್ಟರ್ಲಿಂಗ್ ಆದ್ರೆ ನಡೆಯೋ ಸಿಂಹದ ಮುದ್ರೆ ಇರತ್ತೆ, 92.5 ಪರ್ಸೆಂಟ್ ಬೆಳ್ಳಿ. ಬೂದಿ ಹಾಕಿ ಉಜ್ಬೇಡಿ, ಲೇಪ ಎದ್ದೋಗತ್ತೆ.

ಕೇಳಿದವರು: ಅಯ್ಯೋ, ಅಮ್ಮ ಆಗ್ಲೇ ಉಜ್ಜಿಯಾಯ್ತು! ಗಡಿಯಾರ ಓಡ್ತಿದೆ, ಥ್ಯಾಂಕ್ಸ್.