ಕ್ವಾಲಿಸ್ 2003 ಡೀಸೆಲ್: ಸ್ಲೋದಲ್ಲಿ ಮಿಸ್ಸಿಂಗ್, ಆಕ್ಸಿಲರೇಟರ್ ಕೊಟ್ಟರೆ ಸರಿ

ಮಲೆನಾಡ_ಕ್ವಾಲಿಸ್
ತಲೆ ಕೆಟ್ಟುಹೋಗಿದೆ. ಸ್ಲೋದಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ನಿಂತಾಗ, ಗಾಡಿ ಮಿಸ್ಸಿಂಗ್ ಹೊಡೀತಿದೆ (ಎಂಜಿನ್ ಹೊಡೆತ ತಪ್ಪುತ್ತಿದೆ), ಸ್ಟೇರಿಂಗ್, ಕನ್ನಡಿ, ಸೀಟು ಎಲ್ಲಾ ಗಡಗಡ. ಮೊದಲನೇ ಗೇರಲ್ಲಿ ನಿಧಾನಕ್ಕೆ ಏರು ಹತ್ತಿಸುವಾಗ ಜಗ್ಗಿ ಜಗ್ಗಿ ಹೋಗುತ್ತೆ. ಅಂದಾಜು 1500 ಆರ್‌ಪಿಎಂ ದಾಟಿದರೆ ಏನೂ ಆಗಿಲ್ಲ ಅನ್ನೋ ಹಾಗೆ ಓಡುತ್ತೆ, ಪಿಕಪ್ ಕೂಡ ಇದೆ. ಡೀಸೆಲ್ ಫಿಲ್ಟರ್ ಹೊಸದು. ಸಿಲಿಂಡರ್‌ಗೆ ಡೀಸೆಲ್ ಚಿಮ್ಮಿಸೋ ನಾಲ್ಕೂ ನೋಝಲ್ ಟೆಸ್ಟ್ ಮಾಡಿಸಿದ್ದಾಯ್ತು. ಎಂಜಿನ್ ಮೌಂಟಿಂಗ್ ಬದಲಾಯಿಸಿದ್ದಾಯ್ತು. ಈಗ ಗ್ಯಾರೇಜಿನವರು ಡೀಸೆಲ್ ಪಂಪ್ ಇಳಿಸೋಣ ಅಂತಿದ್ದಾರೆ. ಅಷ್ಟು ಖರ್ಚು ಮಾಡೋಕೆ ಮುಂಚೆ ಗೊತ್ತಿರೋರು ಹೇಳಿ, ಇದು ಏನಿರಬಹುದು?

ಹುಬ್ಬಳ್ಳಿ_ಪಂಪ್
ಪಂಪ್ ಮುಟ್ಟಬ್ಯಾಡ್ರಿ. ಇದು ಏರ್ ಹಿಡಿದೈತಿ, ಮತ್ತೇನಿಲ್ಲ. ಫಿಲ್ಟರ್ ತಲಿ ಮ್ಯಾಲ ಇರೂ ಹ್ಯಾಂಡ್ ಪಂಪ್‌ನ ಡಯಾಫ್ರಾಮ್ ಹಳೇದಾದ್ರ ಡೀಸೆಲ್ ಹೊರಗ ಸೋರೂದಿಲ್ಲ, ಗಾಳಿ ಒಳಗ ಎಳಕೋತೈತಿ. ಯಾಕಂದ್ರ ಟ್ಯಾಂಕಿನಿಂದ ಪಂಪ್ ತನಕ ಪೈಪಿನ್ಯಾಗ ಇರೂದು ಒತ್ತಡ ಅಲ್ಲ, ಎಳೆತ. ಫಿಲ್ಟರ್‌ನಿಂದ ಪಂಪ್‌ಗೆ ಹೋಗೂ ಪೈಪ್ ತಗದು ಒಂದು ಅಡಿ ಪಾರದರ್ಶಕ ಪೈಪ್ ಹಾಕ್ರಿ, ಎಂಜಿನ್ ಚಾಲೂ ಮಾಡಿ ನೋಡ್ರಿ. ಗುಳ್ಳಿ ಓಡಿದ್ರ ಅಲ್ಲೇ ಉತ್ತರ ಸಿಗ್ತೈತಿ.

ಟ್ಯಾಪೆಟ್_ಮೈಸೂರು
ಗುಳ್ಳೆ ನೋಡೋದರಲ್ಲಿ ತಪ್ಪಿಲ್ಲ. ಆದರೆ ಅದಕ್ಕೂ ಮೊದಲು ನಾಲ್ಕು ವಿಷಯ ಬೇಕು ಸರ್. ಬೆಳಿಗ್ಗೆ ತಣ್ಣಗಿದ್ದಾಗ ಮಿಸ್ಸಿಂಗ್ ಜಾಸ್ತಿಯೋ, ಬಿಸಿಯಾದ ಮೇಲೋ? ಹೊಗೆ ಯಾವ ಬಣ್ಣ? ಒಂದೇ ಸಿಲಿಂಡರ್ ಹೊಡೀತಿಲ್ಲವೋ, ಎಲ್ಲವೂ ಏರುಪೇರೋ? ಇದು ಶುರುವಾಗೋಕೆ ಮುಂಚೆ ಎಂಜಿನ್‌ಗೆ ಏನು ಕೆಲಸ ಆಗಿತ್ತು?

ಮಲೆನಾಡ_ಕ್ವಾಲಿಸ್
ಪಾರದರ್ಶಕ ಪೈಪ್ ಹಾಕಿ ನೋಡಿದೆವು, ಗುಳ್ಳೆ ಇಲ್ಲ. ಹ್ಯಾಂಡ್ ಪಂಪ್ ಕೂಡ ಹೊಸದು ಹಾಕಿಸಿದೆ. ಮಿಸ್ಸಿಂಗ್ ಹಾಗೇ ಇದೆ!

ಹುಬ್ಬಳ್ಳಿ_ಪಂಪ್
ಸಣ್ಣ ಗುಳ್ಳಿ ಕಣ್ಣಿಗೆ ಬೀಳೂದಿಲ್ಲರಿ. ಪೈಪ್ ಜೋಡಿಸೂ ಬ್ಯಾಂಜೋ ಬೋಲ್ಟಿನ ತಾಮ್ರದ ವಾಷರ್ ಹೊಸಾವ ಹಾಕ್ರಿ, ಟ್ಯಾಂಕಿನ ಒಳಗಿನ ಪೈಪ್ ತೂತ ಬಿದ್ದಿರಬಹುದು, ಅದನ್ನೂ ನೋಡ್ರಿ. ರಿಟರ್ನ್ ಪೈಪಿನ ತುದಿ ರಬ್ಬರ್ ಮುಚ್ಚಳ ಸೀಳಿದ್ರೂ ರಾತ್ರಿ ಡೀಸೆಲ್ ಹಿಂದ ಇಳಿತೈತಿ.

ಕರಾವಳಿ_ಡೀಸೆಲ್
ಮಾರಾಯ್ರೆ, ರಾತ್ರಿ ಡೀಸೆಲ್ ಹಿಂದೆ ಇಳಿದರೆ ಬೆಳಿಗ್ಗೆ ಸ್ಟಾರ್ಟ್ ಆಗ್ಲಿಕ್ಕೆ ಕಷ್ಟ ಆಗಬೇಕು, ಅವರು ಹಾಗೆ ಹೇಳಲೇ ಇಲ್ಲ. ಏರ್ ಹೌದೋ ಅಲ್ಲವೋ ಅಂತ ಒಮ್ಮೆಗೇ ತೀರ್ಮಾನ ಮಾಡ್ಲಿಕ್ಕೆ ದಾರಿ ಉಂಟು. ಎರಡು ಲೀಟರ್ ಶುದ್ಧ ಡೀಸೆಲ್ ಇರುವ ಕ್ಯಾನ್ ಬಾನೆಟ್‌ಗಿಂತ ಎತ್ತರಕ್ಕೆ ಕಟ್ಟಿ. ಅದರಿಂದ ನೇರ ಪಂಪ್‌ಗೆ ಪೈಪ್ ಕೊಡಿ, ರಿಟರ್ನ್ ಕೂಡ ಅದೇ ಕ್ಯಾನಿಗೆ ಬಿಡಿ. ಟ್ಯಾಂಕ್, ಫಿಲ್ಟರ್, ಹ್ಯಾಂಡ್ ಪಂಪ್ ಎಲ್ಲವೂ ಬದಿಗೆ ಹೋಯಿತು. ಆಗಲೂ ಮಿಸ್ಸಿಂಗ್ ಇದ್ದರೆ ಎಳೆಯುವ ಕಡೆ ಏರ್ ಇಲ್ಲ ಅಂತ ಅರ್ಥ.
ನೋಝಲ್ ಟೆಸ್ಟ್ ಮಾಡಿಸಿದ್ದು ಅಂದರೆ ಎಷ್ಟು ಒತ್ತಡಕ್ಕೆ ತೆರೆಯಿತು? ಕ್ವಾಲಿಸ್‌ನ 2ಎಲ್ ಎಂಜಿನ್‌ಗೆ 105ರಿಂದ 125 ಕೆಜಿ (ಚದರ ಸೆಂ.ಮೀ.ಗೆ) ಒಳಗೆ ಬರಬೇಕು, ನಾಲ್ಕೂ ಹತ್ತಿರ ಹತ್ತಿರ ಇರಬೇಕು. ನೋಝಲ್ ಒಳಗಿನ ಶಿಮ್ (ತೆಳು ಲೋಹದ ಬಿಲ್ಲೆ) 0.025 ಮಿ.ಮೀ. ದಪ್ಪ ಮಾಡಿದರೆ ಸುಮಾರು 3.5 ಕೆಜಿ ಏರ್ತದೆ. ಜೋಡಿಸುವಾಗ ಅಡಿಯ ಸೀಟ್ ವಾಷರ್ ಹೊಸತೇ ಆಗಬೇಕು, ಹಳತು ಮತ್ತೆ ಹಾಕಿದರೆ ಸಿಲಿಂಡರ್‌ನ ಕಂಪ್ರೆಷನ್ (ಅದುಮಿದ ಗಾಳಿಯ ಒತ್ತಡ) ಅಲ್ಲೇ ಸೋರ್ತದೆ.

ಹಳೇಗಾಡಿ_ತುಮಕೂರು
ಇಷ್ಟೆಲ್ಲಾ ಯಾಕೆ ಗುರುಗಳೇ. ಬಿಎಸ್-6 ಡೀಸೆಲ್ ಬಂದಮೇಲೆ ಹಳೇ ರೋಟರಿ ಪಂಪ್‌ಗಳೆಲ್ಲಾ ಹೀಗೇ. ಗಂಧಕ ತೆಗೆದು 10 ಪಿಪಿಎಂಗೆ ಇಳಿಸಿದ್ದಾರೆ, ಪಂಪ್ ಒಳಗೆ ಜಿಡ್ಡೇ ಇಲ್ಲ. 200 ಭಾಗ ಡೀಸೆಲ್‌ಗೆ ಒಂದು ಭಾಗ 2ಟಿ ಆಯಿಲ್ (ಟೂ-ಸ್ಟ್ರೋಕ್ ಗಾಡಿಯ ಆಯಿಲ್) ಹಾಕಿ. ನನ್ನ ಕ್ವಾಲಿಸ್‌ಗೆ ಡಬಲ್ ಫಿಲ್ಟರ್, ಗಾಜಿನ ಬಟ್ಟಲಿನ ನೀರು ಬೇರ್ಪಡಿಸೋದು, ಎಕ್ಸಾಸ್ಟ್ ಬಿಸಿ ತೋರಿಸೋ ಮೀಟರ್ ಎಲ್ಲಾ ಇದೆ, ಸ್ಲೋದಲ್ಲಿ ಡ್ಯಾಶ್ ಮೇಲೆ ನಾಣ್ಯ ನಿಲ್ಲಿಸಬಹುದು.

ಕರಾವಳಿ_ಡೀಸೆಲ್
ಜಿಡ್ಡು ಇಲ್ಲ ಅನ್ನುವುದು ಸರಿಯಲ್ಲ. ಗಂಧಕ ತೆಗೆದಾಗ ಹೋಗುವ ಜಾರುಗುಣವನ್ನು ಬೇರೆ ಅಂಶ ಸೇರಿಸಿ ತುಂಬಿಸ್ತಾರೆ. ಡೀಸೆಲ್‌ಗಿರುವ ಐಎಸ್ 1460 ಮಾನದಂಡದಲ್ಲೇ ಪರೀಕ್ಷೆಯಲ್ಲಿ ಬೀಳುವ ಸವೆತದ ಗುರುತು 460 ಮೈಕ್ರಾನ್ ದಾಟಬಾರದು ಅಂತ ಉಂಟು. ಹೊಸ ಡೀಸೆಲ್‌ಗೆ ಹಳೆಯ ರಬ್ಬರ್ ಓ-ರಿಂಗ್ ಗಟ್ಟಿಯಾಗಿ, ಕುಗ್ಗಿ ಪಂಪ್ ಸೋರಬಹುದು, ಅದು ಬೇರೆ ವಿಷಯ. ಅದನ್ನು 2ಟಿ ಆಯಿಲ್ ಗುಣ ಮಾಡುವುದಿಲ್ಲ, ಸೀಲ್ ಕಿಟ್ ಹಾಕಬೇಕು.

ಹಳೇಗಾಡಿ_ತುಮಕೂರು
ಕಾಗದದ ಮೇಲಿನ ಮಾನದಂಡ ಬೇರೆ, ಬಂಕಿನ ಡೀಸೆಲ್ ಬೇರೆ. 2ಟಿ ಹಾಕಿದ ಗಾಡಿಯ ಪಂಪ್ ಶಬ್ದ ಒಮ್ಮೆ ಕೇಳಿ ನೋಡಿ, ಆಮೇಲೆ ಮಾತಾಡೋಣ.

ಟ್ಯಾಪೆಟ್_ಮೈಸೂರು
ಆಯಿಲ್ ಚರ್ಚೆ ಬೇರೆ ಕಡೆ ಮುಂದುವರಿಸಿ. ಮಲೆನಾಡಿನವರೇ, ನಾನು ಕೇಳಿದ ನಾಲ್ಕಕ್ಕೂ ಉತ್ತರ ಬಂದಿಲ್ಲ. ಸಿಲಿಂಡರ್ ಹುಡುಕೋದು ಹೀಗೆ: ಮಿಸ್ಸಿಂಗ್ ಇರುವಾಗಲೇ, 17 ನಂಬರ್ ಸ್ಪ್ಯಾನರ್‌ನಿಂದ ಒಂದೊಂದೇ ನೋಝಲ್‌ನ ಪೈಪ್ ನಟ್ ಅರ್ಧ ಸುತ್ತು ಸಡಿಲ ಮಾಡಿ. ಮೇಲೆ ಬಟ್ಟೆ ಹಾಕಿ, ಕನ್ನಡಕ ಇರಲಿ, ಬೆರಳು ಅಡ್ಡ ಹಿಡೀಬೇಡಿ, ಆ ಒತ್ತಡದ ಡೀಸೆಲ್ ಚರ್ಮದೊಳಗೆ ನುಗ್ಗುತ್ತೆ. ಕೆಲಸ ಮಾಡ್ತಿರೋ ಸಿಲಿಂಡರ್ ಸಡಿಲ ಮಾಡಿದರೆ ಎಂಜಿನ್ ಇನ್ನಷ್ಟು ಕೆಡುತ್ತೆ. ಯಾವುದನ್ನು ಸಡಿಲ ಮಾಡಿದರೂ ವ್ಯತ್ಯಾಸವೇ ಆಗಲ್ಲವೋ ಅದೇ ಸತ್ತಿರೋದು.

ಮಲೆನಾಡ_ಕ್ವಾಲಿಸ್
ಕ್ಯಾನ್ ಕಟ್ಟಿ ನೋಡಿದೆವು, ಮಿಸ್ಸಿಂಗ್ ಹಾಗೇ. ನಟ್ ಸಡಿಲ ಮಾಡಿದಾಗ ಮೂರನೇ ಸಿಲಿಂಡರ್‌ಗೆ ವ್ಯತ್ಯಾಸ ಗೊತ್ತೇ ಆಗಲಿಲ್ಲ. ಒಂದರ ನೋಝಲ್ ಮೂರಕ್ಕೆ, ಮೂರರದ್ದು ಒಂದಕ್ಕೆ ಹಾಕಿಸಿದೆ, ಆದರೂ ಸತ್ತಿರೋದು ಮೂರನೇದೇ. ಬೆಳಿಗ್ಗೆ ಸ್ಟಾರ್ಟ್ ಚೆನ್ನಾಗೇ ಆಗುತ್ತೆ, ಸ್ಲೋ ಕೂಡ ಪರವಾಗಿಲ್ಲ. ಬಿಸಿ ಮುಳ್ಳು ಮಧ್ಯಕ್ಕೆ ಬಂದಮೇಲೆ ಶುರು, ಸೈಲೆನ್ಸರ್‌ನಲ್ಲಿ ತಿಳಿ ಬಿಳಿ ಹೊಗೆ, ಹಸಿ ಡೀಸೆಲ್ ವಾಸನೆ. ಮುಂಚೆ ಆದ ಕೆಲಸ ಅಂದರೆ, ಹೆಡ್ ಪ್ಯಾಕಿಂಗ್ ಹೋಗಿತ್ತು, ಹೆಡ್ ಇಳಿಸಿ ವಾಲ್ವ್ ಗ್ರೈಂಡಿಂಗ್ ಮಾಡಿಸಿ ಕೂರಿಸಿದ್ದರು. ಅದಾದ ಮೇಲೆ ಗಾಡಿ ಚೆನ್ನಾಗಿ ಓಡ್ತಿತ್ತು, ಅದಕ್ಕೇ ಅದನ್ನ ಬರೀಲಿಲ್ಲ.

ಹುಬ್ಬಳ್ಳಿ_ಪಂಪ್
ಹಂಗಾರ ಪಂಪಿನ ಮೂರನೇ ಡೆಲಿವರಿ ವಾಲ್ವ್ ನೋಡ್ರಿ. ಅದು ಸರಿ ಕೂಡಲಿಲ್ಲ ಅಂದ್ರ ಸ್ಲೋದಾಗ ಆ ಲೈನಿಗೆ ಡೀಸೆಲ್ ಕಮ್ಮಿ ಬೀಳ್ತೈತಿ.

ಟ್ಯಾಪೆಟ್_ಮೈಸೂರು
ಡೆಲಿವರಿ ವಾಲ್ವ್ ಆಗಿದ್ದರೆ ಆ ಸಿಲಿಂಡರ್‌ಗೆ ಡೀಸೆಲ್ ಕಡಿಮೆ ಬೀಳುತ್ತೆ, ಹಸಿ ಡೀಸೆಲ್ ವಾಸನೆ ಇಷ್ಟು ಬರಲ್ಲ. ಇಲ್ಲಿ ಡೀಸೆಲ್ ಬೀಳ್ತಿದೆ, ಉರೀತಿಲ್ಲ. ಅದೂ ಬಿಸಿಯಾದ ಮೇಲೆ. ಏರ್, ನೋಝಲ್, ಹೀಟರ್ ಪ್ಲಗ್ (ಸ್ಟಾರ್ಟ್ ಮಾಡೋಕೆ ಸಿಲಿಂಡರ್ ಕಾಯಿಸೋದು) ತೊಂದರೆಗಳು ಸಾಮಾನ್ಯವಾಗಿ ತಣ್ಣಗಿದ್ದಾಗ ಜಾಸ್ತಿ, ಬಿಸಿಯಾದಂತೆ ಕಡಿಮೆ. ನಿಮ್ಮದು ಉಲ್ಟಾ ಇದೆ.
ವಾಲ್ವ್, ಸೀಟ್ ಎರಡನ್ನೂ ಗ್ರೈಂಡ್ ಮಾಡಿದಾಗ ವಾಲ್ವ್ ಹೆಡ್‌ನೊಳಗೆ ಕೂರುತ್ತೆ, ಅದರ ಕಾಂಡ ಅಷ್ಟೇ ಮೇಲೆ ಬರುತ್ತೆ. ವಾಲ್ವ್ ಒತ್ತೋ ಕ್ಯಾಮ್‌ಗೂ, ಕಾಂಡದ ಮೇಲೆ ಕೂರೋ ಬಕೆಟ್ (ಲೋಹದ ಬಟ್ಟಲು) ಮೇಲಿನ ಶಿಮ್‌ಗೂ ನಡುವಿನ ಸಂದು ಕಡಿಮೆಯಾಗುತ್ತೆ. ಹಳೇ ಶಿಮ್‌ಗಳನ್ನೇ ಹಾಕಿ ಮುಚ್ಚಿದರೆ ಟ್ಯಾಪೆಟ್ ಬಿಗಿ, ಅಂದರೆ ಈ ಸಂದು ಸಾಲದು. ಹೊಸ ಸೀಟ್ ಓಡುತ್ತಾ ಇನ್ನೂ ಸ್ವಲ್ಪ ಕೂರುತ್ತೆ, ಅದಕ್ಕೇ ಮೊದಲು ಚೆನ್ನಾಗಿ ಓಡಿದ್ದು. ಬಿಸಿಗೆ ಎಕ್ಸಾಸ್ಟ್ ವಾಲ್ವ್ ಉದ್ದ ಆದಾಗ ಪೂರ್ತಿ ಮುಚ್ಚಲ್ಲ, ಕಂಪ್ರೆಷನ್ ಸೋರುತ್ತೆ, ಗಾಳಿ ಡೀಸೆಲ್ ಹತ್ತಿಸೋಷ್ಟು ಕಾಯಲ್ಲ. ವೇಗ ಜಾಸ್ತಿಯಾದರೆ ಸೋರೋಕೆ ಸಮಯ ಸಿಗಲ್ಲ, ಅದಕ್ಕೇ 1500 ಮೇಲೆ ಸರಿಹೋಗೋದು.
ಎಂಜಿನ್ ಬಿಸಿ ಇರುವಾಗಲೇ ಕಂಪ್ರೆಷನ್ ನೋಡಿಸಿ. ನಾಲ್ಕೂ ಹೀಟರ್ ಪ್ಲಗ್ ಬಿಚ್ಚಿ, ಪಂಪ್‌ನ ಡೀಸೆಲ್ ಕಟ್ ಸೊಲೆನಾಯ್ಡ್ ವೈರ್ ತೆಗೆದು ಸೆಲ್ಫ್ ಹೊಡೀರಿ, ಬ್ಯಾಟರಿ ಪೂರ್ತಿ ಚಾರ್ಜ್ ಇರಲಿ. ಪೆಟ್ರೋಲ್ ಗಾಡಿಯ ಗೇಜ್ ಸಾಲದು, ಡೀಸೆಲ್ ಗೇಜೇ ಬೇಕು. ಹೊಸದಕ್ಕೆ 32 ಕೆಜಿ, ಕನಿಷ್ಠ 20, ಸಿಲಿಂಡರ್‌ಗಳ ನಡುವೆ 5ಕ್ಕಿಂತ ಹೆಚ್ಚು ಅಂತರ ಇರಬಾರದು.

ಸುಮೋ_ಹಾಸನ
ನನ್ನ ಸುಮೋದಲ್ಲೂ ಸ್ಲೋದಲ್ಲಿ ಹೀಗೇ ಆಗ್ತಿದೆ, ಟ್ಯಾಪೆಟ್ ಬಿಗಿ ಇರಬಹುದಾ? ಶಿಮ್ ಎಲ್ಲಿ ಸಿಗುತ್ತೆ?

ಮಲೆನಾಡ_ಕ್ವಾಲಿಸ್
ಕಂಪ್ರೆಷನ್ 29, 28, 19, 29. ಮೂರಕ್ಕೆ ಒಂದು ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡಿದರೆ 20. ರಾತ್ರಿ ತಣ್ಣಗಾಗಲು ಬಿಟ್ಟು ಬೆಳಿಗ್ಗೆ ಸಂದು ಅಳೆಯೋ ಫೀಲರ್ ಗೇಜ್ ಹಾಕಿಸಿದೆ. ಮೂರನೇ ಎಕ್ಸಾಸ್ಟ್‌ಗೆ 0.05 ಮಿ.ಮೀ. ಪಟ್ಟಿ ಕಷ್ಟಪಟ್ಟು ಹೋಗುತ್ತೆ. ಉಳಿದ ಎಕ್ಸಾಸ್ಟ್‌ಗಳು 0.25ರಿಂದ 0.30, ಇನ್‌ಟೇಕ್ ನಾಲ್ಕೂ 0.20 ಆಸುಪಾಸು. ಲೇತ್‌ನವರು ಹಳೇ ಶಿಮ್ಮನ್ನೇ ಉಜ್ಜಿ ತೆಳು ಮಾಡಿಕೊಡ್ತೀವಿ ಅಂತಿದ್ದಾರೆ, ಮಾಡಿಸಲಾ?

ಟ್ಯಾಪೆಟ್_ಮೈಸೂರು
ಉಜ್ಜಿಸಬೇಡಿ. ಶಿಮ್ ಮೇಲ್ಪದರ ಮಾತ್ರ ಗಡಸು ಮಾಡಿರುತ್ತಾರೆ, ಅದು ಹೋದರೆ ಕ್ಯಾಮ್ ಲೋಬ್ ಅದನ್ನ ತಿನ್ನುತ್ತೆ, ಆಮೇಲೆ ಲೋಬೇ ಸವೆಯುತ್ತೆ. ಆಯಿಲ್ ಬಿಟ್ಟಾಗ ಏರಲಿಲ್ಲ ಅಂದರೆ ರಿಂಗ್ ಚೆನ್ನಾಗಿದೆ, ಸೋರೋದು ವಾಲ್ವ್‌ನಲ್ಲೇ.
ತಣ್ಣಗಿದ್ದಾಗ ಸಂದು ಇನ್‌ಟೇಕ್‌ಗೆ 0.20ರಿಂದ 0.30, ಎಕ್ಸಾಸ್ಟ್‌ಗೆ 0.40ರಿಂದ 0.50 ಇರಬೇಕು. ಒಂದನೇ ಸಿಲಿಂಡರ್ ಕಂಪ್ರೆಷನ್ ಟಾಪ್‌ನಲ್ಲಿ (ಗಾಳಿ ಅದುಮಿ ಪಿಸ್ಟನ್ ತುದಿಗೆ ಬಂದಾಗ) ನಿಲ್ಲಿಸಿ ಇನ್‌ಟೇಕ್ 1, 2, ಎಕ್ಸಾಸ್ಟ್ 1, 3 ನೋಡಿ. ಕ್ರ್ಯಾಂಕ್ ಒಂದು ಸುತ್ತು ತಿರುಗಿಸಿ ಇನ್‌ಟೇಕ್ 3, 4, ಎಕ್ಸಾಸ್ಟ್ 2, 4. ಶಿಮ್ ತೆಗೆದು ಮೈಕ್ರೋಮೀಟರ್‌ನಲ್ಲಿ ಅಳೆಯಿರಿ, ಮೇಲೆ ಬರೆದ ಅಂಕಿ ನಂಬಬೇಡಿ. ಎಕ್ಸಾಸ್ಟ್‌ಗೆ ಲೆಕ್ಕ: ಹಳೇ ಶಿಮ್ ದಪ್ಪಕ್ಕೆ ಈಗಿನ ಸಂದು ಕೂಡಿಸಿ, 0.45 ಕಳೆಯಿರಿ. ಮೂರನೇದರ ಶಿಮ್ 2.75 ಇದ್ದರೆ 2.75 + 0.05 - 0.45, ಅಂದರೆ 2.35 ಬೇಕು. ಇನ್‌ಟೇಕ್‌ಗೆ 0.45 ಬದಲು 0.25. ಶಿಮ್ 0.05 ಅಂತರದಲ್ಲಿ ಬರುತ್ತೆ, ಲೆಕ್ಕ ನಡುವೆ ಬಿದ್ದರೆ ಎಕ್ಸಾಸ್ಟ್‌ಗೆ ತೆಳುವಾದದ್ದನ್ನೇ ಆರಿಸಿ. ಉಳಿದ ಮೂರು ಎಕ್ಸಾಸ್ಟ್ ಕೂಡ ಬಿಗಿಯೇ, ಅವನ್ನೂ ಈಗಲೇ ಮಾಡಿಸಿ. ಬಕೆಟ್ ಒತ್ತೋ ಟೂಲ್ ಇಲ್ಲದೆ ಕ್ಯಾಮ್ ಬಿಚ್ಚೋದಾದರೆ ಟೈಮಿಂಗ್ ಬೆಲ್ಟ್ ಗುರುತು ಮಾಡಿಕೊಂಡೇ ಬಿಚ್ಚಲಿ.
ಶಿಮ್ ಹಾಕಿದ ಮೇಲೂ ಮೂರರ ಕಂಪ್ರೆಷನ್ ಏರದಿದ್ದರೆ ವಾಲ್ವ್ ಅಂಚು ಸುಟ್ಟಿದೆ. ಹೀಟರ್ ಪ್ಲಗ್ ತೂತಿನಿಂದ ಕಂಪ್ರೆಸರ್ ಗಾಳಿ ಕೊಟ್ಟು ಸೈಲೆನ್ಸರ್ ತುದಿಯಲ್ಲಿ ಕಿವಿಗೊಡಿ, ಅಲ್ಲಿ ಬುಸ್ ಅಂದರೆ ಹೆಡ್ ಮತ್ತೆ ಇಳಿಸಲೇಬೇಕು. ಸರಿಹೋದರೆ ಒಂದು ಸಾವಿರ ಕಿ.ಮೀ. ಓಡಿಸಿ ಎಂಟೂ ಸಂದು ಇನ್ನೊಮ್ಮೆ ಅಳೆಸಿ, ಗ್ರೈಂಡ್ ಆದ ಸೀಟ್ ಇನ್ನೂ ಕೂರ್ತಿರಬಹುದು.
ಸುಮೋದವರು ಬೇರೆ ಚರ್ಚೆ ತೆರೆಯಿರಿ. ಯಾವ ವರ್ಷದ್ದು, ಯಾವ ಎಂಜಿನ್, ತಣ್ಣಗಿದ್ದಾಗಲೋ ಬಿಸಿಯಾದಾಗಲೋ ಅಂತ ಬರೀರಿ.

ಹಳೇಗಾಡಿ_ತುಮಕೂರು
ಶಿಮ್ ಹಾಕಿಸಿದ ಮೇಲೆ 2ಟಿ ಮಾತ್ರ ಮರೀಬೇಡಿ.