ಅಂತರ್ವ್ಯಕ್ತೀಯ ಕೌಶಲ: ಒಳಗಿನದೋ, ನಡುವಿನದೋ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಅಕ್ಕನ ಮಗಳು ಎಂ.ಎಡ್. ಓದುತ್ತಿದ್ದಾಳೆ. ಪ್ರೌಢಶಾಲೆ ಶಿಕ್ಷಕರ ‘ಇಂಟರ್‌ಪರ್ಸನಲ್ ಸ್ಕಿಲ್ಸ್’ ಬಗ್ಗೆ ಅವಳ ಪ್ರಬಂಧ. ಪ್ರಶ್ನಾವಳಿ ಕನ್ನಡಕ್ಕೆ ಮಾಡಿಕೊಡು ಮಾಮ ಎಂದಳು. ನಾನು ಹಿಂದೆಮುಂದೆ ನೋಡದೆ ‘ಅಂತರ್ವ್ಯಕ್ತೀಯ ಕೌಶಲ’ ಎಂದು ಬರೆದುಕೊಟ್ಟೆ. (ಕೌಶಲವೋ ಕೌಶಲ್ಯವೋ ಎಂಬ ಜಗಳ ಇವತ್ತು ಬೇಡ. ಎರಡೂ ನಿಘಂಟಿನಲ್ಲಿವೆ.)

ಮೊದಲು ಹತ್ತು ಜನರಿಗೆ ಕೊಟ್ಟು ನೋಡಿದಳು. ‘ನಿಮ್ಮ ಅಂತರ್ವ್ಯಕ್ತೀಯ ಕೌಶಲ ಬೆಳೆಸಿಕೊಳ್ಳಲು ಏನು ಮಾಡುತ್ತೀರಿ?’ ಎಂಬಲ್ಲಿ ಒಬ್ಬ ಮೇಷ್ಟರು ‘ದಿನಾ ಬೆಳಿಗ್ಗೆ ಅರ್ಧ ಗಂಟೆ ಧ್ಯಾನ’ ಎಂದು ಬರೆದಿದ್ದರು. ಇನ್ನೊಬ್ಬರು ‘ಡೈರಿ ಬರೆಯುತ್ತೇನೆ’ ಎಂದಿದ್ದರು. ನಕ್ಕೆವು, ಆದರೆ ತಪ್ಪು ಅವರದಲ್ಲ. ಕೇಳಬೇಕಿದ್ದದ್ದು ಬೇರೆಯವರ ಜೊತೆ ಹೇಗೆ ನಡೆದುಕೊಳ್ಳುತ್ತೀರಿ ಎಂದು. ಅವರಿಗೆ ಕೇಳಿಸಿದ್ದು ನಿಮ್ಮ ಒಳಗನ್ನು ಹೇಗೆ ನೋಡಿಕೊಳ್ಳುತ್ತೀರಿ ಎಂದು.

ಗೋಜಲು ಇರುವುದು ‘ಅಂತರ್’ನಲ್ಲಿ. ಅಂತರ್ಮುಖಿ, ಅಂತರ್ಯಾಮಿ, ಅಂತರಂಗ, ಅಂತರ್ಜಲ, ಇವೆಲ್ಲ ‘ಒಳಗೆ’. ಅಂತರ್ಜಾತಿ ಮದುವೆ, ಅಂತರ್ಜಾಲ, ಇವು ‘ನಡುವೆ’. ಅಂತರ್ಜಲಕ್ಕೂ ಅಂತರ್ಜಾಲಕ್ಕೂ ಒಂದು ದೀರ್ಘದಷ್ಟೇ ವ್ಯತ್ಯಾಸ. ಒಂದು ನೆಲದ ಒಳಗಿನ ನೀರು, ಇನ್ನೊಂದು ಕಂಪ್ಯೂಟರುಗಳ ನಡುವಿನ ಬಲೆ! ಸಂಸ್ಕೃತದಲ್ಲೇ ಈ ಪದಕ್ಕೆ ಎರಡೂ ಅರ್ಥ ಇದೆ. ಲ್ಯಾಟಿನ್ನಿನ ‘ಇಂಟರ್’ ಇದರ ದಾಯಾದಿ. ಆದರೆ ಅಲ್ಲಿ ನಡುವಿಗೆ ‘ಇಂಟರ್’, ಒಳಗಿಗೆ ‘ಇಂಟ್ರಾ’ ಎಂದು ಮನೆ ಪಾಲಾಗಿದೆ. ನಮ್ಮದು ಇನ್ನೂ ಒಟ್ಟು ಕುಟುಂಬ.

ಈ ಎರಡನ್ನೂ ಅಕ್ಕಪಕ್ಕ ಇಟ್ಟಾಗ ಫಜೀತಿ ಜಾಸ್ತಿ. ಅಮೆರಿಕದ ಮನಶ್ಶಾಸ್ತ್ರಜ್ಞ ಹೊವಾರ್ಡ್ ಗಾರ್ಡ್ನರ್ 1983ರಲ್ಲಿ ಏಳು ಬಗೆಯ ಬುದ್ಧಿಶಕ್ತಿ ಇದೆ ಎಂದರಲ್ಲ, ಅದರಲ್ಲಿ ಇಂಟರ್‌ಪರ್ಸನಲ್, ಇಂಟ್ರಾಪರ್ಸನಲ್ ಎರಡೂ ಇವೆ. ಒಂದು ಬೇರೆಯವರ ಮನಸ್ಸು ಅರಿಯುವುದು, ಇನ್ನೊಂದು ತನ್ನದನ್ನೇ ಅರಿಯುವುದು. ನಾನು ನೋಡಿದ ಒಂದು ಬಿ.ಎಡ್. ನೋಟ್ಸಿನಲ್ಲಿ ಮೊದಲನೆಯದಕ್ಕೆ ‘ಅಂತರ್ವ್ಯಕ್ತೀಯ’, ಎರಡನೆಯದಕ್ಕೆ ‘ಅಂತಃವ್ಯಕ್ತೀಯ’ ಎಂದಿತ್ತು. ಸಂಧಿ ಮಾಡಿ ನೋಡಿ: ಅಂತಃ + ವ್ಯಕ್ತೀಯ ಕೂಡಿದರೆ ಅಂತರ್ವ್ಯಕ್ತೀಯವೇ! ವ್ಯಾಕರಣ ಬಲ್ಲ ವಿದ್ಯಾರ್ಥಿ ಪರೀಕ್ಷೆಯಲ್ಲಿ ಎರಡಕ್ಕೂ ಒಂದೇ ಉತ್ತರ ಬರೆದರೆ ಅಂಕ ಕೊಡಬೇಕಾಗುತ್ತದೆ.

‘ಅಂತರ ವೈಯಕ್ತಿಕ’ ಎಂದು ಬಿಡಿಸಿ ಬರೆಯೋಣ ಅಂದುಕೊಂಡೆ. ಕನ್ನಡದಲ್ಲಿ ‘ಅಂತರ’ ಅಂದರೆ ದೂರ. 2020ರಲ್ಲಿ ಎಲ್ಲ ಅಂಗಡಿ ಮುಂದೆಯೂ ‘ಅಂತರ ಕಾಯ್ದುಕೊಳ್ಳಿ’ ಎಂಬ ಬೋರ್ಡು ಓದಿದವರಿಗೆ ‘ಅಂತರ ವೈಯಕ್ತಿಕ ಕೌಶಲ’ ಅಂದರೆ ಜನರಿಂದ ದೂರ ಇರುವ ಜಾಣತನ ಅಂತಲೇ ಅನ್ನಿಸುತ್ತದೆ, ಅಲ್ವಾ?

ಹಾಗಾದರೆ ಬೇರೆ ಏನಿದೆ? ‘ವ್ಯವಹಾರ ಕೌಶಲ’ ಎಂದರೆ ದುಡ್ಡಿನ ವಾಸನೆ. ‘ಸಂವಹನ ಕೌಶಲ’ ಬರೀ ಮಾತಿಗೆ ಸಂಬಂಧಿಸಿದ್ದು, ಅದಕ್ಕೆ ಆಗಲೇ ಕಮ್ಯುನಿಕೇಶನ್ ಬಂದು ಕೂತಿದೆ. ‘ಪರಸ್ಪರ ಸಂಬಂಧ ಕೌಶಲ’ ಪರವಾಗಿಲ್ಲ, ಆದರೆ ಬಾಯಿಗೆ ಭಾರ.

‘ಹೊಂದಾಣಿಕೆ’ ಎಂದು ತುಂಬಾ ಜನ ಸೂಚಿಸಿದರು. ಇದನ್ನು ಮಾತ್ರ ನಾನು ಒಪ್ಪುವುದಿಲ್ಲ. ನಮ್ಮ ಮನೆಗಳಲ್ಲಿ ‘ಹೊಂದಿಕೊಂಡು ಹೋಗಮ್ಮ’ ಎಂಬ ಮಾತನ್ನು ಯಾರಿಗೆ, ಯಾವಾಗ ಹೇಳುತ್ತೇವೆ ಎಂದು ನೆನಪು ಮಾಡಿಕೊಳ್ಳಿ. ಈ ಕ್ಷೇತ್ರದ ಸಂಶೋಧನೆ ಹೇಳುವುದು ಬೇರೆಯೇ. 1988ರಲ್ಲಿ ಮನಶ್ಶಾಸ್ತ್ರಜ್ಞ ಹೊರೊವಿಟ್ಸ್ ಮತ್ತು ಜೊತೆಗಾರರು ಜನರ ನಡುವಿನ ತೊಡಕುಗಳನ್ನು ಅಳೆಯಲು 127 ಹೇಳಿಕೆಗಳ ಒಂದು ಪ್ರಶ್ನಾವಳಿ ಮಾಡಿದರು. ಅದರಲ್ಲಿ ಎರಡು ಬಗೆ. ‘ಇದು ನನಗೆ ಕಷ್ಟ’ ಎಂಬುದು ಒಂದು, ‘ಇದನ್ನು ನಾನು ಅತಿಯಾಗಿ ಮಾಡುತ್ತೇನೆ’ ಎಂಬುದು ಇನ್ನೊಂದು. ಬೇರೆಯವರಿಗೆ ‘ಆಗಲ್ಲ’ ಎನ್ನಲು ಬಾರದಿರುವುದು, ತನ್ನ ಬೇಕುಗಳನ್ನು ಬದಿಗಿಟ್ಟು ಯಾವಾಗಲೂ ಬೇರೆಯವರದೇ ನೋಡುವುದು, ಎರಡೂ ಅಲ್ಲಿ ತೊಡಕುಗಳೇ. ಹೊಂದಾಣಿಕೆ ಎಂದು ಅಚ್ಚು ಹಾಕಿದರೆ ತುಟಿ ಕಚ್ಚಿ ಸಹಿಸಿಕೊಳ್ಳುವವರಿಗೇ ಹೆಚ್ಚು ಅಂಕ ಬೀಳುತ್ತದೆ. ಅಳತೆಗೋಲೇ ಸೊಟ್ಟ.

ನನಗೆ ಹಿಡಿಸಿದ್ದು ‘ಒಡನಾಟ’. ಒಡಹುಟ್ಟು, ಒಡನಾಡಿ, ಒಡಂಬಡಿಕೆ ಇವುಗಳಲ್ಲಿರುವ ‘ಒಡ’ನಲ್ಲಿ ‘ಕೂಡ, ಜೊತೆ’ ಎಂಬುದು ಸ್ಪಷ್ಟ. ಒಳಗು ಎಂಬ ಅನುಮಾನಕ್ಕೆ ಜಾಗವೇ ಇಲ್ಲ. ‘ಒಡನಾಟದ ಕೌಶಲ’ ಎಂದು ಹೇಳಿದಾಗ ಧ್ಯಾನದ ಮೇಷ್ಟರು ‘ಓ, ನಾಲ್ಕು ಜನರ ಜೊತೆ ಬೆರೆಯೋದಾ? ಹಾಗೆ ಕೇಳಬಾರದಿತ್ತೇ?’ ಎಂದರು. ಅಕ್ಕನ ಮಗಳ ಗೆಳತಿ, ಆಪ್ತಸಮಾಲೋಚಕಿ, ಒಂದು ತಕರಾರು ತೆಗೆದಳು. ಒಡನಾಟಕ್ಕೆ ಕಾಲ ಬೇಕು, ವರ್ಷಗಟ್ಟಲೆ ಜೊತೆಗಿದ್ದರೆ ಒಡನಾಟ. ತನ್ನ ಹತ್ತಿರ ಬರುವವರು ಮುಕ್ಕಾಲು ಗಂಟೆ ಕೂತು ಹೋಗುತ್ತಾರೆ, ಅದನ್ನು ಒಡನಾಟ ಅನ್ನಲಾಗುತ್ತದೆಯೇ ಎಂದು. ಮಾತು ಸರಿ ಇದೆ. ನನ್ನ ಹತ್ತಿರ ಉತ್ತರ ಇಲ್ಲ.

ಅವಳೇ ಹೇಳಿದ ಒಂದು ಅಧ್ಯಯನ ನನ್ನ ಯೋಚನೆಯ ದಿಕ್ಕನ್ನು ಬದಲಿಸಿತು. ಅಮೆರಿಕದಲ್ಲಿ ಆಂಡರ್ಸನ್ ಮತ್ತು ಜೊತೆಗಾರರು 2009ರಲ್ಲಿ ಪ್ರಕಟಿಸಿದ್ದು. ಒಂದು ವಿಶ್ವವಿದ್ಯಾಲಯದ ಆಪ್ತಸಮಾಲೋಚನಾ ಕೇಂದ್ರದ 25 ಚಿಕಿತ್ಸಕರು, ಅವರ ಹತ್ತಿರ ಬಂದ 1,141 ಜನ. ಚಿಕಿತ್ಸಕರಿಗೆ ತಮ್ಮ ಸಾಮಾಜಿಕ ಕೌಶಲದ ಬಗ್ಗೆ ತಾವೇ ತುಂಬುವ ಪ್ರಶ್ನಾವಳಿ ಕೊಟ್ಟರು. ಅದರ ಜೊತೆಗೆ, ಸಿಟ್ಟಿನವರು, ಮಾತಿಗೆ ಸಿಗದವರು, ಹೀಗೆ ಕಷ್ಟದ ಗಿರಾಕಿಗಳ ವಿಡಿಯೋ ತುಣುಕು ತೋರಿಸಿ ‘ಈಗ ಏನು ಹೇಳುತ್ತೀರಿ?’ ಎಂದು ಕೇಳಿ, ಆ ಉತ್ತರಗಳಿಗೆ ಅಂಕ ಕೊಟ್ಟರು. ಯಾರ ಹತ್ತಿರ ಬಂದವರು ಹೆಚ್ಚು ಸುಧಾರಿಸಿದರು ಎಂಬುದರ ಸುಳಿವು ಕೊಟ್ಟದ್ದು ವಿಡಿಯೋ ಉತ್ತರಗಳು. ತಾವೇ ತುಂಬಿದ ಕಾಗದ ಏನನ್ನೂ ಹೇಳಲಿಲ್ಲ.

ನನಗೆ ಇದು ಪದದ ವಿಷಯವೂ ಹೌದು ಅನ್ನಿಸುತ್ತದೆ. ‘ಒಳಗೆ’ ಎಂದು ತಿಳಿದರೆ ಆ ಮನುಷ್ಯನನ್ನೇ ಕೇಳುತ್ತೇವೆ, ನಿನ್ನಲ್ಲಿ ಎಷ್ಟಿದೆ ಎಂದು. ‘ನಡುವೆ’ ಎಂದು ತಿಳಿದರೆ ಎದುರಿಗೆ ಇನ್ನೊಬ್ಬರನ್ನು ಕೂರಿಸಿ ನೋಡಬೇಕಾಗುತ್ತದೆ. ‘ಮಾತು ಬಲ್ಲವನಿಗೆ ಜಗಳವಿಲ್ಲ’ ಎಂಬ ಗಾದೆಯಲ್ಲೂ ಅಷ್ಟೇ. ಮಾತು ಬಲ್ಲವನೋ ಇಲ್ಲವೋ ಗೊತ್ತಾಗುವುದು ಜಗಳ ಬರುವ ಹೊತ್ತಿಗೆ.

ಹಾಗಾಗಿ ಪ್ರಶ್ನೆಗಳ ಒಳಗಿನಿಂದ ಆ ಪದವನ್ನೇ ತೆಗೆದುಬಿಟ್ಟೆವು. ‘ಒಬ್ಬ ತಂದೆ ಸ್ಟಾಫ್ ರೂಮಿಗೆ ನುಗ್ಗಿ, ನನ್ನ ಮಗನಿಗೇ ಯಾಕೆ ಕಡಿಮೆ ಅಂಕ ಎಂದು ಕೂಗಾಡಿದರೆ ನೀವು ಹೇಳುವ ಮೊದಲ ಮಾತು ಯಾವುದು?’ ಎಂದು ಕೇಳಿದ್ದೇವೆ. ಉಳಿದಿರುವುದು ಪ್ರಬಂಧದ ಹೆಸರು. ಅಕ್ಕನ ಮಗಳ ಮಾರ್ಗದರ್ಶಕರಿಗೆ ‘ಒಡನಾಟ’ ತೀರಾ ಮನೆಮಾತು ಅನ್ನಿಸಿದೆ, ‘ಅಂತರ್ವ್ಯಕ್ತೀಯ’ವೇ ಇರಲಿ ಎನ್ನುತ್ತಿದ್ದಾರೆ.

ನಿಮ್ಮ ಕಡೆ ಇದಕ್ಕೆ ಏನೆನ್ನುತ್ತೀರಿ? ಧಾರವಾಡ, ಕರಾವಳಿ, ಕಲಬುರಗಿ ಕಡೆಯವರು ದಯವಿಟ್ಟು ಬರೆಯಿರಿ. ನಮ್ಮ ಹಾಸನದ ಕಡೆ ‘ಅವರಿಗೂ ನಮಗೂ ಬಳಕೆ ಇದೆ’ ಎನ್ನುತ್ತೇವೆ, ಹೋಗಿಬರುವ ಸಂಬಂಧ ಎಂಬರ್ಥದಲ್ಲಿ. ‘ಜನಬಳಕೆ’ ಎಂದರೆ ನಿಮಗೆ ಜನರೊಂದಿಗಿನ ಬಳಕೆ ಅನ್ನಿಸುತ್ತದೆಯೋ, ಜನರು ಉಪಯೋಗಿಸುವುದು ಅನ್ನಿಸುತ್ತದೆಯೋ? ಸೋಮವಾರದೊಳಗೆ ತಿಳಿಸಿದರೆ ಉಪಕಾರ. ಅವತ್ತು ಪ್ರಬಂಧದ ಹೆಸರು ನೋಂದಾಯಿಸಬೇಕು.