ರಜೆ ಬಂದರೆ ಅಂಗಡಿ ಬೀದಿಯ ಗತಿ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಕೇಳಿಸಿಕೊಳ್ಳಿ.

ಅಣ್ಣ, ಕಾಲೇಜು ರಸ್ತೆಗೆ ಮಾಲ್ ಬರುತ್ತಿದೆ, ಇನ್ನು ಅದೇ ನಾಲ್ಕು ಜನ ಸೇರುವ ಜಾಗ ಅಂತ ನೀವು ಹಾಕಿದ್ದಿರಿ. ಅಕ್ಕ ಅದಕ್ಕೆ, ಅಲ್ಲಿಗೆ ಹೋದರೆ ಸಣ್ಣ ಅಂಗಡಿಯವರ ಹೊಟ್ಟೆ ಮೇಲೆ ಹೊಡೆದ ಹಾಗೆ ಅಂದರು. ಬೆಳಿಗ್ಗೆಯಿಂದ ಇದೇ ನಡೆದಿದೆ. ನನಗೆ ಎರಡೂ ಪೂರ್ತಿ ಒಪ್ಪಿಗೆಯಾಗಲಿಲ್ಲ, ಬೈಯಬೇಡಿ.

ಕಾಲೇಜು ಇರುವ ಊರಿನ ವ್ಯಾಪಾರವೇ ಬೇರೆ. ಪರೀಕ್ಷೆಯ ಹಿಂದಿನ ರಾತ್ರಿ ಝೆರಾಕ್ಸ್ ಅಂಗಡಿ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಮಷೀನ್ ಬಿಸಿಯಾಗಿ ಹಾಳೆ ಸಿಕ್ಕಿಹಾಕಿಕೊಳ್ಳುತ್ತದೆ. ಅಂಗಡಿಯವರು ಮುಚ್ಚಳ ತೆಗೆದು ಅದನ್ನು ಎಳೆಯುತ್ತಿದ್ದರೆ ಹಿಂದಿನಿಂದ ಹುಡುಗರು 'ಬೇಗ ಅಣ್ಣಾ' ಅನ್ನುತ್ತಾರೆ. ಕೊನೆಯ ಪೇಪರ್ ಮುಗಿದ ವಾರಕ್ಕೆ ಅದೇ ಮನುಷ್ಯ ಬಾಗಿಲಲ್ಲಿ ಸ್ಟೂಲ್ ಹಾಕಿಕೊಂಡು ಸುಮ್ನೆ ರಸ್ತೆ ನೋಡುತ್ತಿರುತ್ತಾರೆ. ಹುಡುಗರಿಗೆ ರಜೆ, ಬಾಡಿಗೆಗೆ ರಜೆ ಇಲ್ಲ ಅಲ್ವಾ? ಹತ್ತಾರು ಊರಲ್ಲಿ ಮಳಿಗೆ ಇರುವ ಕಂಪನಿ ಇದನ್ನು ತಡೆದುಕೊಳ್ಳುತ್ತದೆ. ಒಂದೇ ಅಂಗಡಿ ನಂಬಿದವರು ಹೇಗೆ ತಡೆಯುತ್ತಾರೆ?

ದೊಡ್ಡವರು ಲೋಡುಗಟ್ಟಲೆ ಸರಕು ತರಿಸುತ್ತಾರೆ, ಅಗ್ಗಕ್ಕೆ ಕೊಡುತ್ತಾರೆ, ನಿಜ. ತಿಂಗಳ ಕೊನೆಗೆ ಕೈ ಖಾಲಿಯಾದ ಹಾಸ್ಟೆಲ್ ಹುಡುಗಿ ಅಲ್ಲಿಗೆ ಹೋದರೆ ತಪ್ಪೇನಕ್ಕಾ? ನನ್ನ ಭಯ ಬಾಡಿಗೆಯದ್ದು. ಮಾಲ್ ಬರುತ್ತದಂತೆ ಅನ್ನುವ ಸುದ್ದಿಗೇ ಅಕ್ಕಪಕ್ಕದ ಕಟ್ಟಡದವರು ಬಾಡಿಗೆ ಏರಿಸಲು ನೋಡುತ್ತಾರೆ. ಹಾಗಾದರೆ ಗಿರಾಕಿ ಕೈಬಿಡುವ ಮೊದಲೇ ಅಂಗಡಿ ಎದ್ದುಹೋಗುತ್ತದೆ.

ಇನ್ನು ನಾಲ್ಕು ಜನ ಸೇರುವ ಜಾಗದ ಮಾತು. ಅಮೆರಿಕದಲ್ಲಿ 1956ರಲ್ಲಿ ಶುರುವಾದ ಸೌತ್‌ಡೇಲ್ ಮಾಲ್‌ನ ವಿನ್ಯಾಸ ಮಾಡಿದ ವಿಕ್ಟರ್ ಗ್ರೂಯೆನ್ ಅವರಿಗೂ ಇದೇ ಆಸೆ ಇತ್ತು. ಸುತ್ತ ಮನೆ, ಶಾಲೆ, ಪಾರ್ಕ್ ಎಲ್ಲ ಬಂದು ಅದೊಂದು ಊರೇ ಆಗಬೇಕು ಅಂತ. ಆಮೇಲೆ ಬಂದ ಮಾಲ್‌ಗಳ ಸುತ್ತ ಕಾರು ನಿಲ್ಲಿಸುವ ಬಯಲೇ ಜಾಸ್ತಿಯಾಯಿತು. ಕೊನೆಗೆ ಅವರೇ ಅವುಗಳಿಂದ ಕೈತೊಳೆದುಕೊಂಡರು.

ಹಾಗಂತ ಬರುವುದೇ ಬೇಡ ಅನ್ನುತ್ತಿಲ್ಲ. ನಕ್ಷೆಗೆ ಒಪ್ಪಿಗೆ ಸಿಗುವ ಮೊದಲು ಕೇಳೋಣ: ರಸ್ತೆ ಕಡೆಗೆ ಬಾಗಿಲಿರುವ ಸಣ್ಣ ಮಳಿಗೆಗಳು ಬೇಕು. ಅವನ್ನು ಈಗಿರುವ ಅಂಗಡಿಯವರಿಗೇ ಮೊದಲು ಕೊಡಬೇಕು, ಕರಾರು ನಾಲ್ಕಾರು ವರ್ಷದ್ದಾಗಬೇಕು. ಕಾಲೇಜು ಗೇಟಿನಿಂದ ನಡೆದು ಬರಲು ದಾರಿ ಬೇಕು. ಅಕ್ಕ, ಮನವಿ ನೀವೇ ಬರೆಯಿರಿ, ನಿಮ್ಮ ಕೈಯಲ್ಲಿ ಮಾತು ಚುರುಕಾಗಿ ಬರುತ್ತದೆ. ಸಹಿ ಹಾಕಿಸಲು ಅಣ್ಣ, ನಾನು ತಿರುಗುತ್ತೇವೆ. ಪರೀಕ್ಷೆ ಮುಗಿಯುವ ಮೊದಲೇ ಆಗಬೇಕು, ಆಮೇಲೆ ಹಾಸ್ಟೆಲ್‌ನಲ್ಲಿ ಸಹಿ ಹಾಕಲು ವಾಚ್‌ಮನ್ ಒಬ್ಬರೇ ಸಿಗುವುದು.